ಕೊಡೆ ಮರೆತ ಹಾಫಿಜ್ ಸಾಹೇಬರು

ಗುಂಡ್ಲುಪೇಟೆಯಲ್ಲಿ ಮರೆವಿಗೊಂದು ಮೆಡಲ್ ಕೊಡುವುದಿದ್ದರೆ ಅದು ನಮ್ಮ ಪಕ್ಕದ ಮನೆಯ ಹಾಫಿಜ್ ಸಾಹೇಬರಿಗೇ ಸಲ್ಲಬೇಕಿತ್ತು. ಕೊಟ್ಟಿದ್ದರೆ ಅದನ್ನೂ ಎಲ್ಲೋ ಮರೆತು ಬರುತ್ತಿದ್ದರು, ಆ ಮಾತು ಬೇರೆ! ಅವರ ಕಸುಬು ಕೊಡೆ ರಿಪೇರಿ. ಊರಿನವರ ಕೊಡೆಗಳನ್ನೆಲ್ಲ ಸರಿಮಾಡಿಕೊಟ್ಟು, ತಮ್ಮದನ್ನು ಎಲ್ಲಿಟ್ಟೆ ಎಂದು ತಿಳಿಯದೆ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬರುವರು. ಮೂವತ್ತು ವರ್ಷ ನೈಬರ್ ಆಗಿದ್ದ ನನ್ನ ಹೆಸರೂ ಅವರಿಗೆ ನೆನಪಿಲ್ಲ. ನಾನು ಬರೀ ‘ಟೀಚರಮ್ಮ’.

ಒಮ್ಮೆ ತೆರಕಣಾಂಬಿಗೆ ಹೊರಟವರು ಬಸ್ಸಿನಲ್ಲಿ ಕಣ್ಣುಮುಚ್ಚಿ ಕುರಾನ್ ಹೇಳಿಕೊಳ್ಳುತ್ತಾ ಚಾಮರಾಜನಗರ ತಲುಪಿದರು. ಅದೇ ಬಸ್ಸಿನಲ್ಲಿ ವಾಪಸ್ ಹೊರಟರು. ಮತ್ತೆ ಕಣ್ಣುಮುಚ್ಚಿದರು. ಇಳಿದದ್ದು ಗುಂಡ್ಲುಪೇಟೆಯಲ್ಲಿ!

“ಎರಡ್ ಕಿತಾನೂ ತೆರಕಣಾಂಬಿ ತೆರಕಣಾಂಬಿ ಅಂತ ಬಡ್ಕಂಡೆ ಕಣ್ರೀ ಸಾಬ್ರೇ!” ಎಂದು ಕಂಡಕ್ಟರ್ ತಲೆ ಚಚ್ಚಿಕೊಂಡ.

“ನಿಮ್ದೇನೂ ತಪ್ಪಿಲ್ಲಪ್ಪ, ಅಧ್ಯಾಯ ಅರ್ಧದಲ್ಲಿತ್ತು,” ಎಂದು ಇವರೇ ಅವನಿಗೆ ಸಮಾಧಾನ ಹೇಳಿದರು.

ಇಂಥವರಿಗೆ ಇಡೀ ಕುರಾನ್ ಬೈಹಾರ್ಟ್ ಎಂದರೆ ನಂಬುತ್ತೀರಾ? ಹಾಫಿಜ್ ಎಂದರೇ ಅದು. ಕಾನ್ವೆಂಟ್ ಟೀಚರ್ ಎಂಬ ಜಂಭದಲ್ಲಿ ಒಮ್ಮೆ ಕೇಳಿದೆ: “ಇದರ ಒರಿಜಿನಲ್ ಕಾಪಿ ಎಲ್ಲಿದೆ ಸಾಹೇಬರೇ?”

ಎದೆ ತಟ್ಟಿಕೊಂಡರು. “ಮೊದಲಿಂದ ಇಲ್ಲೇ ಟೀಚರಮ್ಮ. ಪೈಗಂಬರರು ಹೇಳೋರು, ಜನ ಕೇಳಿ ಕಲಿಯೋರು. ಖರ್ಜೂರದ ಗರಿ, ಚರ್ಮ, ಮೂಳೆ, ಸಿಕ್ಕಿದ್ದರ ಮೇಲೆ ಬರೆದೂ ಇಟ್ಟರು. ಆಮೇಲೆ ಯುದ್ಧದಲ್ಲಿ ಬಾಯಿಪಾಠ ಬರೋರೇ ಬಹಳ ಜನ ಹೋಗ್ಬಿಟ್ರು. ಕಳೆದುಹೋದೀತು ಅಂತ ಎಲ್ಲಾ ಒಂದು ಕಡೆ ಸೇರಿಸಿದ್ರು.” ಇಷ್ಟು ಗಂಭೀರವಾಗಿ ಹೇಳಿ, ನನ್ನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು!

ತೊಂಬತ್ತರ ದಶಕದ ಒಂದು ರಂಜಾನಿಗೆ ಮುಂಚೆ ಮಸೀದಿ ಕಮಿಟಿಗೆ ದಿಗಿಲು ಹತ್ತಿತು. ಆ ತಿಂಗಳ ವಿಶೇಷ ನಮಾಜಿನಲ್ಲಿ ಕುರಾನನ್ನು ಪೂರ್ತಿ ಬಾಯಲ್ಲೇ ಹೇಳುವವರು ಇವರು. ನಡುವೆ ಮರೆತರೆ? ಕಮಿಟಿ ಸೆಕ್ರೆಟರಿ ನನ್ನ ಹಳೇ ಸ್ಟೂಡೆಂಟ್. ನನ್ನೆದುರೇ ಸಾಹೇಬರಿಗೆ ಮೆತ್ತಗೆ ಹೇಳಿದ: “ಚಾಚಾ, ಈ ಸಲ ಮೈಸೂರಿಂದ ಬೇರೆಯವರನ್ನ ಕರೆಸ್ತೀವಿ.”

ಸಾಹೇಬರ ಮುಖ ಸಣ್ಣದಾಯಿತು. “ಕೊಡೆ ಮರೀತೀನಿ, ಒಪ್ಕೋತೀನಿ. ಇದನ್ನ ಮರೆತ್ರೆ ನಾನ್ಯಾಕಪ್ಪ ಇರ್ಬೇಕು? ನಾಳೆ ಪುಸ್ತಕ ತಂದು ಕೂತ್ಕೋ, ಎಲ್ಲಿಂದ ಬೇಕಾದ್ರೂ ಕೇಳು. ಟೀಚರಮ್ಮ ಅಂಪೈರ್!”

ಅಂಪೈರಿಗೆ ಅರೇಬಿಕ್ ಒಂದಕ್ಷರ ಬಾರದು. ಆದರೂ ಅವರ ಜಗಲಿಯಲ್ಲಿ ಚೇರ್ ಹಾಕಿಸಿಕೊಂಡು ಕೂತೆ. ಮಸೀದಿಯ ಹಳೇ ಪ್ರತಿಯಿಂದ ಸೆಕ್ರೆಟರಿ ಒಂದು ಸಾಲು ಓದುವುದು, ಮುಂದಿನದನ್ನು ಇವರು ಹೇಳುತ್ತಾ ಹೋಗುವುದು. ಅವರ ಕಣ್ಣು ಮುಚ್ಚಿದೆ, ಬಲಗೈ ಮೊಣಕಾಲ ಮೇಲೆ ದುಂಡಗೆ ಸುತ್ತುತ್ತಿದೆ. ಈ ಕೈ ಸುತ್ತುವ ಹುಚ್ಚು ಹಳೆಯದು, ಬೀದಿಗೆಲ್ಲ ತಮಾಷೆ. ಮಧ್ಯಾಹ್ನದ ಹೊತ್ತಿಗೆ ಸೆಕ್ರೆಟರಿ ಎದ್ದುನಿಂತ. “ತಪ್ಪು! ಚಾಚಾ, ತಪ್ಪು! ಇಲ್ಲಿ ಬೇರೆ ಇದೆ!”

ಸಾಹೇಬರು ಕಣ್ಣನ್ನೂ ಬಿಡಲಿಲ್ಲ. “ಪುಟದ ನಂಬರ್ ನೋಡು.”

ನೋಡಿದ. ಇನ್ನೂರ ಹನ್ನೆರಡಾದ ಮೇಲೆ ಇನ್ನೂರ ಹದಿನೈದು! ಯಾವಾಗಲೋ ಬೈಂಡ್ ಮಾಡಿಸುವಾಗ ಒಂದು ಹಾಳೆಯೇ ಬಿದ್ದುಹೋಗಿತ್ತು. ಸಾಹೇಬರು ಆ ಎರಡು ಪುಟ ಹೇಳಿ ಮುಗಿಸಿ, ಇನ್ನೂರ ಹದಿನೈದರ ಮೊದಲ ಪದಕ್ಕೆ ಸರಿಯಾಗಿ ಬಂದು ನಿಂತರು. ಮನೆಯೊಳಗಿಂದ ಇನ್ನೊಂದು ಪ್ರತಿ ತರಿಸಿ ತಾಳೆ ನೋಡಿದರೆ ಒಂದು ಚುಕ್ಕೆಯೂ ಹೆಚ್ಚುಕಮ್ಮಿಯಿಲ್ಲ!

“ವೆಲ್, ಮಿಸ್ಟರ್ ಸೆಕ್ರೆಟರಿ?” ಎಂದೆ.

“ಮಿಸ್... ಪುಸ್ತಕ ಫೇಲು, ಚಾಚಾ ಪಾಸು. ರಂಜಾನಿಗೆ ಅವರೇ!”

ಸ್ಪೋರ್ಟ್ಸ್ ಡೇ ದಿನದ ಹಾಗೆ ನಾನು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು!

ಎಲ್ಲರೂ ಹೋದ ಮೇಲೆ ಕೇಳಿದೆ: “ಇಳಿಯೋ ಊರೇ ಮರೆಯೋರಿಗೆ ಇದೊಂದು ಹೇಗೆ ನಿಂತಿತು?”

ಅವರ ಕೈ ಇನ್ನೂ ಸುತ್ತುತ್ತಿತ್ತು. “ನಮ್ಮಮ್ಮನಿಗೆ ಓದು ಬರ್ತಿರಲಿಲ್ಲ ಟೀಚರಮ್ಮ. ಕೇಳಿ ಕೇಳಿಯೇ ಎಲ್ಲಾ ಗೊತ್ತಿತ್ತು. ರಾಗಿ ಬೀಸ್ತಾ ನನ್ನ ಪಾಠ ಒಪ್ಪಿಸ್ಕೊಳ್ಳೋರು. ನಾನು ತಪ್ಪಿದ ತಕ್ಷಣ ಬೀಸೋಕಲ್ಲು ನಿಲ್ತಿತ್ತು.”

ತಮ್ಮ ಕೈಯನ್ನೇ ಒಂದು ಗಳಿಗೆ ನೋಡಿಕೊಂಡರು.

“ಇವತ್ತು ಬೆಳಗಿಂದ ಒಂದ್ಸಲಾನೂ ನಿಲ್ಲಲಿಲ್ಲ.”