ಇಲಿ, ಮೇಕೆಗಳ ತಲೆಗೆ ಕರೆಂಟು

ಪ್ರಾಣಿಗಳ ಜೊತೆ ಕೆಲಸ ಮಾಡುವವನಿಗೆ ಭಾನುವಾರ ರಜೆ ಸಿಗಬಹುದು, ಫಜೀತಿಗಳಿಂದ ರಜೆ ಸಿಗೋದಿಲ್ಲ. ನಾನು ಚಾಮರಾಜನಗರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವ ಅಟೆಂಡರ್. ನಮ್ಮ ಮೇಡಂ ಪ್ರಾಣಿಗಳ ತಲೆಗೆ ಒದ್ದೆ ಸ್ಪಂಜಿನ ಪಟ್ಟಿ ಕಟ್ಟಿ, ನೋವಾಗದಷ್ಟು ಸಣ್ಣ ಕರೆಂಟು ಹಾಯಿಸುತ್ತಾರೆ. ಕುಯ್ಯೋದಿಲ್ಲ, ಚುಚ್ಚೋದಿಲ್ಲ. ಹಾಗೆ ಮಾಡಿದರೆ ಅವು ಬೇಗ ಕಲಿಯುತ್ತವಾ ಅನ್ನೋದು ಅವರ ಪ್ರಶ್ನೆ. ಮಿಕ್ಕ ಪ್ರಶ್ನೆಗಳೆಲ್ಲ ನನ್ನ ಪಾಲಿಗೆ.

೧. ಬೀದಿ ಕರೆಂಟು

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕುದೇರಿನ ನಮ್ಮ ಮನೆ ಜಗಲಿ ಮೇಲೆ ಕೂತು ಪಕ್ಕದ ಮನೆ ದೊಡ್ಡಪ್ಪ ಕೇಳಿದರು, "ಏನ್ಲಾ ನಿನ್ ಕೆಲ್ಸ?"

"ಇಲಿ ತಲೆಗೆ ಕರೆಂಟ್ ಕೊಡದು, ದೊಡ್ಡಪ್ಪ."

ದೊಡ್ಡಪ್ಪ ಎಲೆ ಅಡಿಕೆ ಅಗಿಯೋದನ್ನೇ ನಿಲ್ಲಿಸಿಬಿಟ್ಟರು.

"ನಮ್ ಬೀದೀಲಿ ಕರೆಂಟಿಲ್ದೆ ಮೂರ್ ದಿನ ಆಯ್ತು. ಎಲ್ಲೋಯ್ತದೆ ಅಂತ ಈಗ ಗೊತ್ತಾಯ್ತು ಬುಡು!"

೨. ಪಾಸು

ಗುಂಡ್ಲುಪೇಟೆಯ ಇನ್ನೊಂದು ಕಾಲೇಜಿಗೆ ನಾಲ್ಕು ಬಿಳಿ ಇಲಿ ತಲುಪಿಸಬೇಕಿತ್ತು. ಪಂಜರಕ್ಕೆ ಬಟ್ಟೆ ಮುಚ್ಚಿ ಬಸ್ಸು ಹತ್ತಿದೆ. ಕಂಡಕ್ಟರ್ ಬಟ್ಟೆ ಎತ್ತಿ ನೋಡಿದ.

"ಇವ್ಯಾಕೆ ಗುಂಡ್ಲುಪೇಟೆಗೆ?"

"ಕಾಲೇಜಿಗೆ ಸಾರ್. ಕಲಿಯಕ್ಕೆ ಓಯ್ತಾ ಅವೆ."

ಅವನು ಮುಖ ಒಂಚೂರೂ ಸಡಿಲಿಸದೆ ಕೈ ಚಾಚಿದ. "ಹಂಗಾದ್ರೆ ಸ್ಟೂಡೆಂಟ್ ಪಾಸ್ ತೋರ್ಸಿ."

೩. ಹಂಗಳದ ಮೇಕೆ

ಮೇಕೆಗಳ ಮೇಲೂ ಪ್ರಯೋಗ ಶುರುವಾಯಿತು. ಹಂಗಳದ ಒಬ್ಬ ಅಜ್ಜಿ ತನ್ನ ಮೇಕೆಯನ್ನು ಕೆಲವು ದಿನಕ್ಕೆ ಕೊಟ್ಟಳು. ಬಾಗಿಲ ಚಿಲಕವನ್ನು ಮೂತಿಯಿಂದ ಎತ್ತಿದರೆ ಒಳಗೆ ಹುರುಳಿ. ಮೂರೇ ದಿನದಲ್ಲಿ ಮೇಕೆ ಕಲಿತುಬಿಟ್ಟಿತು. ಮೇಡಂ ಕುಣಿಯೋದೊಂದು ಬಾಕಿ.

ಮೇಕೆ ವಾಪಸ್ ಹೋದ ಮುಂದಿನ ವಾರ ಅಜ್ಜಿ ಅದನ್ನು ಎಳೆದುಕೊಂಡು ಕಾಲೇಜಿಗೇ ಬಂದಳು.

"ನೋಡವ್ವ, ಇದು ಊರೋರ ಬಾಗ್ಲನ್ನೆಲ್ಲಾ ತೆಗೀತದೆ. ನೆನ್ನೆ ಎದುರ್ಮನೆ ಅಡ್ಗೆಮನೇಗೆ ನುಗ್ಗಿ, ನೆನೆಹಾಕಿದ್ದ ಅವರೆಕಾಳೆಲ್ಲ ತಿಂದ್ಬುಡ್ತು. ಅವ್ಳು ನನ್ ಜೊತೆ ಮಾತೇ ಬುಟ್ಟವ್ಳೆ."

ಮೇಡಂ ಪ್ರಾಮಾಣಿಕರು. "ಅಜ್ಜಿ, ಅದು ಕರೆಂಟಿಂದ ಕಲೀತೋ, ಹುರುಳಿ ಆಸೆಗೆ ಕಲೀತೋ, ನಮಗೇ ಇನ್ನೂ ಗೊತ್ತಿಲ್ಲ" ಅಂದರು.

"ಯಾವ್ದಾರ ಆಗ್ಲಿ ಕಣವ್ವ. ಈಗ ಮರ್ಸೋ ಕರೆಂಟ್ ಕೊಡು, ಕರ್ಕಂಡ್ ಓಯ್ತೀನಿ."

೪. ನನ್ನ ತಲೆ

ಇದನ್ನು ಹೇಳೋಕೆ ನಾಚಿಕೆ. ಬಡ್ತಿಗೆ ಇಲಾಖೆಯ ಪರೀಕ್ಷೆ ಪಾಸಾಗಬೇಕಿತ್ತು. ಎರಡು ಸಲ ಫೇಲಾಗಿದ್ದೆ. ಮೂರನೆಯದೇ ಕೊನೆಯ ಅವಕಾಶ. ಓದಿದ ಒಂದು ಸಾಲೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೇಡಂ ಊಟಕ್ಕೆ ಹೋದಾಗ, ಮೇಕೆಗೆ ಕಟ್ಟುವ ಪಟ್ಟಿಯನ್ನು ನನ್ನ ತಲೆಗೆ ಕಟ್ಟಿ, ಅಲ್ಲಿದ್ದ ಮೆಷಿನ್‌ಗಳಲ್ಲಿ ಒಂದರ ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ತಲೆಯೊಳಗೆ ಇರುವೆ ಹರಿದಂತಾಯಿತು. ನಿಯಮಗಳ ಪುಸ್ತಕ ತೆಗೆದೆ. ಒಂದೊಂದು ಸಾಲೂ ಮೊಳೆ ಹೊಡೆದ ಹಾಗೆ ಕೂತಿತು! ಹದಿನೈದು ದಿನ ಹೀಗೇ ಓದಿದೆ. ಪಾಸಾದೆ.

ಆಮೇಲೆ ಮನಸ್ಸು ತಡೆಯಲಿಲ್ಲ. ಮೇಡಂ ಹತ್ತಿರ ತಪ್ಪೊಪ್ಪಿಕೊಂಡೆ. ಅವರ ಮುಖ ಬಿಳಚಿಕೊಂಡಿತು.

"ನಿಮಗೇನು ತಲೆ ಕೆಟ್ಟಿದೆಯಾ? ಏನಾದರೂ ಆಗಿದ್ದರೆ? ಯಾವ ಮೆಷಿನ್ ಅದು, ತೋರಿಸಿ!"

ತೋರಿಸಿದೆ. ಮೇಡಂ ಕುರ್ಚಿ ಮೇಲೆ ಕುಸಿದು ನಗೋಕೆ ಶುರು ಮಾಡಿದರು.

"ಇದು ಹೋಲಿಸಿ ನೋಡೋಕೆ ಇಟ್ಟಿರೋ ಡಮ್ಮಿ ಮೆಷಿನ್ ಕಣ್ರೀ. ದೀಪ ಮಾತ್ರ ಹತ್ತುತ್ತೆ, ಕರೆಂಟ್ ಬರೋದೇ ಇಲ್ಲ. ನೀವು ಪಾಸಾಗಿರೋದು ನಿಮ್ಮ ಸ್ವಂತ ಬುದ್ಧಿಯಿಂದ."

ಎದೆ ಉಬ್ಬಿಸಿಕೊಂಡು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಂದ್ರೆ ಬುದ್ಧಿ ಮೊದ್ಲಿಂದ್ಲೂ ಇತ್ತಾ? ಮದ್ವೆಯಾಗಿ ಇಪ್ಪತ್ ವರ್ಷ ಆಯ್ತು, ಒಂದಿನಾನಾದ್ರೂ ನಂಗೆ ತೋರ್ಸುದ್ರಾ?"