ಕಾಕಾ ಅಳೆದ ಕಡಲು

ಬೀದರಿನಿಂದ ಸಮುದ್ರ ಎಷ್ಟು ದೂರ ಎಂದು ಭಾಲ್ಕಿಯ ನಮ್ಮ ಕಾಕಾನನ್ನು ಮಾತ್ರ ಕೇಳಬೇಡಿ. 'ಹಿತ್ತಲದಾಗೇ ಅದಲ್ಲ!' ಎನ್ನುತ್ತಾರೆ. ಯಂತ್ರಗಳನ್ನು ಮುಳುಗಿಸಿ ನೋಡಲು, ಎಮ್ಮೆಗೆ ನೀರು ಕುಡಿಸುವ ತೊಟ್ಟಿಯೇ ಅವರ ಅರಬ್ಬೀ ಸಮುದ್ರ!

ದಡದ ಹತ್ತಿರ, ಆಳವಿಲ್ಲದ ಕಡಲಿನಲ್ಲಿ ನೀರು ಯಾವ ಕಡೆಗೆ, ಎಷ್ಟು ಜೋರಾಗಿ ಹರಿಯುತ್ತದೆಂದು ಅಳೆಯುವುದು ಕಾಕಾನ ನೌಕರಿಯಾಗಿತ್ತು. ನಿವೃತ್ತಿಯ ಮೇಲೂ ಹೊಸ ಯಂತ್ರ ಬಂದಾಗಲೆಲ್ಲ ಹಳೆಯದರ ಜೊತೆ ಹೋಲಿಸಿ ನೋಡಲು ಕರೆ ಬರುತ್ತದೆ. ಆಗೆಲ್ಲ ಅವರ ಹೆಂಡತಿ, ನಮ್ಮ ಕಾಕು, 'ಈ ಸರ್ತಿ ನನಗೂ ಸಮುದ್ರ ತೋರಸ್ರೀ' ಎನ್ನುತ್ತಾರೆ. ಕಾಕಾನದು ಒಂದೇ ಉತ್ತರ: 'ಮುಂದಿನ ಸರ್ತಿ.' ಮದುವೆಯಾದಾಗಿನಿಂದ ಆ ಮುಂದಿನ ಸರ್ತಿ ಬಂದಿರಲಿಲ್ಲ.

'ಯಾವ ಯಂತ್ರ ಛಲೋರಿ ಕಾಕಾ?' ಎಂದು ಒಮ್ಮೆ ಕೇಳಿ ಕೆಟ್ಟೆ.

'ಚಕ್ರದ ಯಂತ್ರ ಅಲೆ ಬಂದ್ರೂ ತಿರಗ್ತದ, ಹೋದ್ರೂ ತಿರಗ್ತದ. ನೀರು ನಿಂತಲ್ಲೇ ಇದ್ರೂ ಮೈಲುಗಟ್ಟಲೆ ನಡದದ ಅಂತದ. ತಳದಾಗ ಕೂತು ಶಬ್ದ ಬಿಟ್ಟು ಅದರ ಮಾರ್ದನಿ ಕೇಳೋ ಯಂತ್ರ ಭಾಳ ಶಾಣ್ಯಾ. ಆದ್ರ ನೀರಿನ ಮ್ಯಾಲಿನ ಪದರ ಅದಕ್ಕ ನೆಟ್ಟಗ ತಿಳಿಯೂದಿಲ್ಲ.'

'ಹಂಗಾದ್ರ ಯಾವುದನ್ನ ನಂಬಬೇಕ್ರಿ?'

'ಒಂದಕ್ಕೊಂದು ಹಚ್ಚಿ ನೋಡಬೇಕು. ಯಾವುದನ್ನೂ ನಂಬಬಾರದು!'

ಅಡುಗೆಮನೆಯಿಂದ ಕಾಕು ಕೂಗಿದರು: 'ನನ್ನ ಸಾರಿನ ಉಪ್ಪನ್ನೂ ಹಂಗೇ ನೋಡ್ತಾರ!'

ಮೂರನೆಯ ಯಂತ್ರ ವಾಲುವ ಕೊಳವೆ. ತಳಕ್ಕೆ ಕಟ್ಟಿದರೆ ಹರಿವಿನ ಜೋರಿಗೆ ತಕ್ಕಂತೆ ಬಾಗುತ್ತದೆ. ಕಾಕಾ ಮನೆಯಲ್ಲೇ ಒಂದನ್ನು ಮಾಡಿ, ಕಾಣಲೆಂದು ತುದಿಗೆ ಕೆಂಪು ಬಟ್ಟೆ ಸುತ್ತಿ, ಕಮಠಾಣದ ಹಳ್ಳದಲ್ಲಿ ನಿಲ್ಲಿಸಿದರು. ಚಹಾ ಕುಡಿದು ಬರುವಷ್ಟರಲ್ಲಿ ಊರ ಹೆಂಗಸರು ಅದಕ್ಕೆ ಅರಿಶಿನ, ಕುಂಕುಮ ಹಚ್ಚಿ, ಹಾರ ಹಾಕಿ, ತೆಂಗಿನಕಾಯಿಯನ್ನೂ ಕಟ್ಟಿಬಿಟ್ಟಿದ್ದರು!

'ಯಾರ್ರೀ ಇದು ಮಾಡಿದ್ದು?'

'ಗಂಗವ್ವ ನಿಂತಾಳ್ರೀ ಸಾಹೇಬ್ರ, ಕೈ ಮುಗೀರಿ!' ಎಂದಳು ಒಬ್ಬ ಮುದುಕಿ.

ಕಾಕಾ ಕೈ ಮುಗಿದರು. ಮುಗಿದು, ಬಾಗಿದ್ದನ್ನು ಅಳೆದರು. ಕಾಯಿಯ ಭಾರಕ್ಕೆ ಕೊಳವೆ ನೆಲ ಮುಟ್ಟುವಂತಿತ್ತು. ಲೆಕ್ಕದ ಪ್ರಕಾರ ಅಂದು ಕಮಠಾಣ ಕೊಚ್ಚಿಹೋಗಬೇಕಿತ್ತು!

ಈ ವರ್ಷ ಮತ್ತೆ ಕರೆ ಬಂತು. ಆದರೆ ಈ ಸಲ ಕಾಕು ಏನೂ ಕೇಳಲಿಲ್ಲ. ಸುಮ್ಮನೆ ಕಾಕಾನ ಅಂಗಿಗಳನ್ನು ಮಡಚಿ ಚೀಲಕ್ಕೆ ಹಾಕತೊಡಗಿದರು. ಕಾಕಾ ಹೆದರಿಬಿಟ್ಟರು. ಚೀಲದೊಳಗೆ ಇಣುಕಿ, 'ನಿನ್ನ ಸೀರಿ ಯಾಕ ಇಟ್ಟಿಲ್ಲ?' ಎಂದರು.

ಸಾಮಾನು ಹೊರಲು ನಾನೂ ಹೋದೆ. ಕಡಲಿಗಿಳಿದ ಮೂರು ಯಂತ್ರಗಳು ಮೂರು ಉತ್ತರ ಕೊಟ್ಟವು. ದೋಣಿಯಿಂದ ಕಚೇರಿಯ ಹುಡುಗರು, 'ಸರ್, ಬೇಗ ಬನ್ನಿ!' ಎಂದು ಕೂಗುತ್ತಿದ್ದರು. ಕಾಕು ಒಂದು ಕೈಯಲ್ಲಿ ಸೀರೆ ಎತ್ತಿ, ಇನ್ನೊಂದರಲ್ಲಿ ಕಾಕಾನ ಕೈ ಹಿಡಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ನಗುತ್ತಿದ್ದರು.

'ರೀ, ಕಾಲ ಕೆಳಗಿನ ಉಸುಕು ಜಾರಲಾಕತ್ತದ! ನೀರು ಯಾವ ಕಡಿ ಹೊಂಟದ?'

ಜೀವಮಾನವೆಲ್ಲ ಅದೊಂದೇ ಪ್ರಶ್ನೆಗೆ ಉತ್ತರ ಹುಡುಕಿದ ಕಾಕಾ, ನೀರಿನ ಕಡೆ ನೋಡಲೇ ಇಲ್ಲ.

'ಯಾವ ಕಡಿಯರೆ ಹೋಗ್ಲಿ' ಎಂದರು. 'ನೀ ಕೈ ಬಿಡಬ್ಯಾಡ.'