ವೈನಿಯ ಚಿತ್ರಕ್ಕೊಂದು ಕುಂಕುಮ

ಮನುಷ್ಯ ತನ್ನ ಎತ್ತರವನ್ನು ತಾನೇ ಅಳೆದುಕೊಳ್ಳಬಾರದು ಎಂಬುದು ನನ್ನ ಅನುಭವ. ಸಣ್ಣವನಿದ್ದಾಗ ನಾನು ಬನಹಟ್ಟಿಯ ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತು, ತಲೆಯ ಮೇಲೆ ಕೈಯಿಟ್ಟು, ಸುಣ್ಣದ ಗೆರೆ ಎಳೆದುಕೊಳ್ಳುತ್ತಿದ್ದೆ. ಕೈ ಪ್ರತಿಸಲವೂ ನೆತ್ತಿಗಿಂತ ಒಂದಿಷ್ಟು ಮೇಲೆಯೇ ಇರುತ್ತಿತ್ತು. ಆ ಲೆಕ್ಕದಲ್ಲಿ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡ್ರುವ ಮೊದಲೇ ಅಪ್ಪನನ್ನು ಮೀರಿಸಿದ್ದೆ. ಹೀಗಿರುವ ನನಗೆ, ಎರಡು ವರ್ಷ ಕಲಿತು ಊರಿಗೆ ಹೊರಟಾಗ, ಲಂಡನ್ನಿನ ಚಿತ್ರಶಾಲೆಯವರು ಮೂರು ಪ್ರಶ್ನೆಗಳನ್ನು ಕೊಟ್ಟು ಕಳಿಸಿದ್ದರು. ನಿನ್ನ ಕಲೆ ಈ ಎರಡು ವರ್ಷಗಳಲ್ಲಿ ಹೇಗೆ ಬೆಳೆಯಿತು? ಮುಂದೆ ಅದರಿಂದ ಏನು ಮಾಡುವೆ? ಈ ಉದ್ಯೋಗಕ್ಕೆ ನಿನ್ನ ಮನೆಯವರ ಒಪ್ಪಿಗೆ ಇದೆಯೇ? ಈ ಮೂರಕ್ಕೆ ಉತ್ತರವನ್ನೂ, ನಿನ್ನ ಊರಿನ ಜನರನ್ನು ಕುರಿತ ಹೊಸ ಚಿತ್ರಗಳ ಒಂದು ಕಟ್ಟನ್ನೂ ಕಳಿಸಿದರೆ ಕೊನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದಿದ್ದರು.

ಮೊದಲನೆಯ ಪ್ರಶ್ನೆಗೆ ನಾನು ಚೌಕಟ್ಟಿನ ಪದ್ಧತಿಯಲ್ಲೇ ಉತ್ತರ ಬರೆದಿಟ್ಟಿದ್ದೆ. ಎರಡನೆಯದೂ ಕಷ್ಟವಾಗಲಿಲ್ಲ. ಕನ್ನಡದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯಬೇಕೆಂಬುದು ನನ್ನ ಹಳೆಯ ಆಸೆ. ನಾನು ಕಲಿತ ಪುಸ್ತಕದಲ್ಲಿ ಹಡಗು ಇತ್ತು, ಒಂಟೆ ಇತ್ತು, ನಮ್ಮ ಓಣಿಯಲ್ಲಿ ಹಗಲೆಲ್ಲ ಕಟಕಟ ಎನ್ನುವ ಮಗ್ಗ ಮಾತ್ರ ಇರಲಿಲ್ಲ. ತೊಡಕಿದ್ದದ್ದು ಮೂರನೆಯದರಲ್ಲಿ. ಅದಕ್ಕೆ ಉತ್ತರ ಹೇಳಬೇಕಾದವನು ಅಪ್ಪ. ಸೀರೆಯ ವ್ಯಾಪಾರದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡ ಅಪ್ಪನ ಅಭಿಪ್ರಾಯ ಮೊದಲಿನಿಂದಲೂ ಒಂದೇ.

"ಗೆರಿ ಎಳ್ಯಾಕ ಹಡಗಾ ಹತ್ತಿ ಹೋಗಬೇಕೇನಲೇ? ಇಲ್ಲೆ ರೂಲಪಟ್ಟಿ ಸಿಗೂದಿಲ್ಲೇನು?"

ಮೊದಲ ಸಲ ಹೇಗೋ ವಿದ್ಯಾರ್ಥಿವೇತನ ಸಿಕ್ಕಿತ್ತು, ಅಣ್ಣ ಈರಪ್ಪ ನಡುವೆ ಬಂದು ಅಪ್ಪನನ್ನು ಒಪ್ಪಿಸಿದ್ದ. ಈ ಸಲ ಅಪ್ಪ ಅಲ್ಲಾಡಲಿಲ್ಲ. ಜಮಖಂಡಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರ ಜಾಗ ಖಾಲಿಯಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಹೊಸತು, ಇಂಥ ಜಾಗಗಳು ಮತ್ತೆ ಮತ್ತೆ ಬರುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಸೋಮವಾರ ನಾನು ಜಮಖಂಡಿಗೆ ಹೋಗಿ ಆ ನೌಕರಿ ಒಪ್ಪಿಕೊಳ್ಳಬೇಕು ಎಂದು ಅಪ್ಪ ಅಪ್ಪಣೆ ಮಾಡಿದ್ದ. ಅದೇ ಸೋಮವಾರ ಚಿತ್ರದ ಕಟ್ಟು ಟಪಾಲಿಗೆ ಬೀಳದಿದ್ದರೆ ಹಡಗಿನಲ್ಲಿ ಅದು ಹೊತ್ತಿಗೆ ಮುಟ್ಟುವಂತಿರಲಿಲ್ಲ.

ಲಂಡನ್ನಿನಲ್ಲಿ ನಾನು ಕಲಿತದ್ದಾದರೂ ಏನು ಎಂದು ನೀವು ಕೇಳಬಹುದು. ಬಿಡುವುದನ್ನು ಕಲಿತೆ. ಅಲ್ಲಿನ ನಮ್ಮ ಗುರುಗಳು ಪೈಪು ಸೇದುವ ಮುದುಕರು, ವಿದ್ಯಾರ್ಥಿಯ ಹಿಂದೆ ಬಂದು ನಿಂತು ಕೆಮ್ಮುವರು. ಒಂದು ಕೆಮ್ಮಿಗೆ ಒಂದು ಗೆರೆ ಹೆಚ್ಚಾಗಿದೆ ಎಂದು ಅರ್ಥ. ಬೇಡವಾದದ್ದನ್ನೆಲ್ಲ ಬಿಡಬೇಕು, ಉಳಿದದ್ದೇ ಚಿತ್ರ ಎಂಬುದು ಅವರ ಮಂತ್ರ. ಊರಿಗೆ ಬಂದ ಮೇಲೆ ಮುಧೋಳದ ಒಬ್ಬ ಜಮೀನುದಾರರು ತಮ್ಮ ಬೇಟೆನಾಯಿಯ ಚಿತ್ರ ಬರೆಯಲು ಕರೆಸಿದರು. ಮೊದಲೇ ಮುಧೋಳದ ನಾಯಿ, ದೇವರೇ ಅದರ ಮೈಮೇಲಿನ ಬೇಡವಾದದ್ದನ್ನೆಲ್ಲ ಬಿಟ್ಟಿದ್ದಾನೆ. ನಾನು ಇನ್ನೂ ಒಂದಿಷ್ಟು ಬಿಟ್ಟು ನಾಲ್ಕಾರು ಗೆರೆಗಳಲ್ಲಿ ಮುಗಿಸಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಇದರಾಗ ನಾಯಿ ಎಲ್ಲೈತಪಾ?" ಎಂದರು. "ಓಡಾಕತ್ತೈತ್ರಿ" ಎಂದೆ. "ಹಂಗಾರ ತಿರುಗಿ ಬಂದ ಮ್ಯಾಲೆ ತೋರ್ಸು" ಎಂದು ಚಹಾ ಕುಡಿಸಿ ಕಳಿಸಿದರು. ಅಲ್ಲಿಗೇ ನಾನು ಎಚ್ಚರವಾಗಬೇಕಿತ್ತು.

ಟಪಾಲಿಗೆ ಹಾಕುವ ಮುಂಚಿನ ದಿನ, ರವಿವಾರ. ಕಟ್ಟಿಗೆ ಊರವರ ಚಿತ್ರಗಳು ಮುಗಿದಿದ್ದವು, ಮನೆಯವರೆಲ್ಲರದೂ ಬೇಕೆಂದು ನಾನು ಹೇಳಿಟ್ಟಿದ್ದೆ. ಶ್ರಾವಣದ ಮಳೆ. ಹೊಳೆಯಾಚೆಯ ಹಳ್ಳಿಯೊಂದರಲ್ಲಿ ಮದುವೆಯಿತ್ತು, ಅವರಿಗೆ ಸೀರೆ ತೋರಿಸಲು ಅಣ್ಣ ಗಂಟು ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಟ. ಗಲಗಲಿಯವರೆಗೆ ಬಸ್ಸು, ಅಲ್ಲಿಂದ ದೋಣಿಯಲ್ಲಿ ಕೃಷ್ಣೆ ದಾಟಬೇಕು. ಅವನು ಹೋದ ಮೇಲೆ ಅವನ ಹೆಂಡತಿ, ನಮ್ಮ ವೈನಿ, ಪಡಸಾಲೆಯಲ್ಲಿ ರಾಟಿಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದಳು. ನಾನು ಏಳು ವರ್ಷದವನಿದ್ದಾಗ ಅವ್ವ ತೀರಿಕೊಂಡಳು, ಆಮೇಲೆ ನನಗೆ ತಲೆ ಬಾಚಿ, ಬುತ್ತಿ ಕಟ್ಟಿ ಸಾಲಿಗೆ ಕಳಿಸಿದವಳು ವೈನಿಯೇ. ಅವಳ ಬಗೆಗೆ ಬಹುವಚನದಲ್ಲಿ ಬರೆದರೆ ಯಾರೋ ಪರಕೀಯರನ್ನು ಕುರಿತು ಬರೆದಂತೆ ಆಗುತ್ತದೆ. ಆ ಮುಂಜಾನೆ ಬಾಗಿದ ಕುತ್ತಿಗೆ, ಎಳೆ ಹಿಡಿದ ಬೆರಳು, ರಾಟಿಯ ಗಾಲಿ ಎಲ್ಲವೂ ನನ್ನ ಲೆಕ್ಕಣಿಕೆಗೆ ತಾವಾಗಿಯೇ ಬಂದವು. ಕಪ್ಪು ಮಸಿ ಬಿಟ್ಟು ಬೇರೆ ಬಣ್ಣ ಕೂಡದೆಂಬುದು ಶಾಲೆಯ ಕರಾರು. ಮುಗಿದ ಮೇಲೆ ನೋಡುತ್ತೇನೆ, ನನ್ನ ಕೈಯಿಂದ ಅಷ್ಟು ಒಳ್ಳೆಯ ಚಿತ್ರ ಅದುವರೆಗೆ ಬಂದಿರಲಿಲ್ಲ. ಮಸಿ ಆರಲೆಂದು ಗೋಡೆಯ ಒಂದು ಖಾಲಿ ಮೊಳೆಗೆ ಅದನ್ನು ಸಿಕ್ಕಿಸಿದೆ. ಆ ಮೊಳೆ ಇದ್ದದ್ದು ಅವ್ವನ ಫೋಟೋದ ಪಕ್ಕದಲ್ಲಿ.

ಸಂಜೆಯಾದರೂ ಅಣ್ಣ ಬರಲಿಲ್ಲ. ಪಕ್ಕದ ಮನೆಯ ಗುರುಬಸು ಕಾಕಾ ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತ.

"ಈರಪ್ಪ ಬಂದನೇನ್ರಿ? ಗಲಗಲ್ಯಾಗ ಹೊಳಿ ಭಾಳ ಏರೇತಂತ. ಮಧ್ಯಾಹ್ನದಿಂದ ನಾವಿ ಬಿಟ್ಟಿಲ್ಲಂತ ಬಸ್ಸಿನವರು ಹೇಳಾಕತ್ತಾರ. ಅದಕ್ಕೂ ಮೊದಲ ಹೋದ ನಾವಿ ಆಚಿ ದಂಡಿ ಮುಟ್ಟಿದ ಸುದ್ದಿ ಇನ್ನೂ ಇಲ್ಲಂತ."

ವೈನಿ ರಾಟಿ ನಿಲ್ಲಿಸಲಿಲ್ಲ. ಎಳೆ ಹರಿಯಿತು, ಗಂಟು ಹಾಕಿದಳು, ಮತ್ತೆ ಹರಿಯಿತು. ಅಪ್ಪ ಎದ್ದು ಬಾಗಿಲ ತನಕ ಹೋಗಿ ಬಂದು ಕುಳಿತ. ಅಪ್ಪನ ತಾಯಿ, ನಮ್ಮ ಆಯಿ, ದೇವರ ಮುಂದೆ ದೀಪ ಹಚ್ಚಿ, ರೂಢಿಯಂತೆ ಅವ್ವನ ಫೋಟೋಕ್ಕೂ ಕೈ ಮುಗಿಯಲು ಗೋಡೆಯ ಹತ್ತಿರ ಬಂದಳು. ಬಂದವಳು ಅಲ್ಲೇ ನಿಂತುಬಿಟ್ಟಳು.

"ಇದ್ಯಾರ ಚಿತ್ರಾ?"

"ವೈನಿದು, ಆಯಿ."

"ಕುಂಕುಮ ಎಲ್ಲೈತಿ?"

ನಾನು ನೋಡಿದೆ. ಇರಲಿಲ್ಲ. ವೈನಿಯ ಹಣೆಯ ಮೇಲೆ ದಿನವೂ ನಾಕಾಣೆಯಷ್ಟು ಅಗಲದ ಕುಂಕುಮವಿರುತ್ತದೆ. ನಾನು ಅದನ್ನು ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ, ಬಾಗಿದ ಹಣೆಯ ಬಿಳಿ ಜಾಗ ಹಾಗೇ ಉಳಿದರೆ ಚಂದವೆಂದು. ಇದನ್ನು ಆಯಿಗೆ ವಿವರಿಸಲು ಬಾಯಿ ತೆರೆದೆ. ಪೈಪಿನ ಗುರುಗಳ ಮಂತ್ರ ನಮ್ಮ ಪಡಸಾಲೆಯಲ್ಲಿ ನಾಲಗೆಯ ಮೇಲೆಯೇ ಬರಲಿಲ್ಲ.

"ಈ ಹಣಿ ನನಗ ಗುರ್ತೈತಿ" ಎಂದಳು ಆಯಿ. "ನಿಮ್ಮಜ್ಜ ಹ್ವಾದಾಗಿಂದ ಕನ್ನಡ್ಯಾಗ ಇದನ್ನ ನೋಡಾಕತ್ತೇನಿ."

ರಾಟಿ ಆಗ ನಿಂತಿತು.

ಅಪ್ಪ ಎದ್ದು ಬಂದು ಚಿತ್ರ ನೋಡಿದ, ನನ್ನನ್ನು ನೋಡಿದ, ಹರಿಯಲು ಕೈ ಚಾಚಿದ. ಆಯಿ ಅವನ ಕೈ ಹಿಡಿದಳು. "ಇಂಥಾ ಹೊತ್ತಿನ್ಯಾಗ ಹೆಣ್ಮಗಳ ಚಿತ್ರಾ ಹರದರ ಏನ್ ಅರ್ಥ ಆತೋ?" ಹರಿಯುವಂತಿಲ್ಲ ಎಂದಾಯಿತು. ಹಾಗಾದರೆ ದೇವರ ಮುಂದಿನ ಭರಣಿಯಿಂದ ಕುಂಕುಮ ತಂದು ಹಚ್ಚಿಬಿಡುತ್ತೇನೆ ಎಂದು ನಾನು ಓಡಿದೆ. ಬೆರಳಲ್ಲಿ ಕುಂಕುಮ ಹಿಡಿದುಕೊಂಡು ಬಂದವನ ಕಣ್ಣಿಗೆ ಅವ್ವನ ಫೋಟೋ ಬಿತ್ತು. ಅವ್ವ ಮುತ್ತೈದೆಯಾಗಿ ಹೋದವಳು, ಹಬ್ಬ ಹುಣ್ಣಿಮೆಗೆ ಅವಳ ಫೋಟೋದ ಗಾಜಿಗೆ ಕುಂಕುಮ ಹಚ್ಚುತ್ತೇವೆ. ನಮ್ಮ ಮನೆಯಲ್ಲಿ ಪಟಕ್ಕೆ ಕುಂಕುಮ ಹಚ್ಚಿಸಿಕೊಳ್ಳುವವರು ಒಂದು ದೇವರು, ಇನ್ನೊಂದು ಸತ್ತವರು. ಹಚ್ಚದಿದ್ದರೆ ಅಣ್ಣನಿಗೆ ಕೇಡು, ಹಚ್ಚಿದರೆ ವೈನಿಗೆ ಕೇಡು. ಅತ್ತ ದರಿ, ಇತ್ತ ಪುಲಿ. ಎರಡರ ನಡುವೆ ಕೆಂಪು ಬೆರಳು ಎತ್ತಿಕೊಂಡು ಲಂಡನ್ನಿನಲ್ಲಿ ಕಲಿತವನು ನಿಂತಿದ್ದ. ಮಸಿಯಿಂದಲೇ ಒಂದು ಬೊಟ್ಟು ಇಡಲೇ ಎಂದು ಕೇಳಿದೆ. "ಕರೀ ಬೊಟ್ಟು ಕೂಸಿನ ಗಲ್ಲಕ್ಕ ಇಡ್ತಾರ" ಎಂದಳು ಆಯಿ. ಉಳಿದದ್ದು ಒಂದೇ ದಾರಿ. ಚಿತ್ರದಲ್ಲೇ ಕುಂಕುಮ ಕೆಂಪಾಗಿ ಬರೆಯಬೇಕು, ಬರೆಯುವಾಗಲೇ ಇತ್ತೇನೋ ಅನ್ನುವ ಹಾಗೆ. ನನ್ನ ಪೆಟ್ಟಿಗೆಯಲ್ಲಿ ಒಂದು ಹನಿ ಕೆಂಪು ಬಣ್ಣವಿರಲಿಲ್ಲ.

ಆಗ ಯಾರೂ ಎಣಿಸದ ಕೆಲಸ ನಡೆಯಿತು. ಅಪ್ಪ ಛತ್ರಿ ತೆಗೆದುಕೊಂಡು, ಒಂದು ಬಟ್ಟಲು ಹಿಡಿದು, ಮಳೆಯಲ್ಲಿ ಹೊರಟ. ನಮ್ಮ ಓಣಿಯ ತುದಿಗೆ ನೂಲಿಗೆ ಬಣ್ಣ ಹಾಕುವವರ ಮನೆಯಿದೆ. ಗುರುಬಸು ಕಾಕಾ ಬಸ್ ನಿಲ್ದಾಣದ ಕಡೆಗೆ ಹೋದ.

ಅಪ್ಪ ಬರುವವರೆಗಿನ ಹೊತ್ತು ನನಗೆ ಬಹಳ ಕೆಟ್ಟದಾಗಿ ಹೋಯಿತು. ಅಣ್ಣ ಹೊಳೆಯಲ್ಲಿದ್ದಾನೆಂಬ ಭಯ ಒಂದು ಇದ್ದೇ ಇತ್ತು. ಅದರ ಪಕ್ಕದಲ್ಲೇ, ಕೆಂಪು ಬಣ್ಣ ಬಿದ್ದರೆ ಶಾಲೆಯವರು ಈ ಚಿತ್ರ ತೆಗೆದುಕೊಳ್ಳುವುದಿಲ್ಲವಲ್ಲ ಎಂಬ ಇನ್ನೊಂದು ಭಯ ನಾಚಿಕೆಯಿಲ್ಲದೆ ಬಂದು ಕುಳಿತಿತ್ತು. ಅದನ್ನು ಎಷ್ಟು ಗದರಿಸಿದರೂ ಎದ್ದು ಹೋಗಲಿಲ್ಲ. ವೈನಿ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ಮಾಲಿಂಗ, ಖರೆ ಹೇಳು. ಮುಂಜಾನೆ ನನ್ನ ಹಣಿ ನಿನಗ ಹಂಗ ಕಂಡಿತ್ತೇನು?"

"ಇಲ್ಲ ವೈನಿ. ಕುಂಕುಮ ಇತ್ತು. ನಾನು ಬಿಟ್ಟೆ."

"ಯಾಕ ಬಿಟ್ಟಿ?"

"ಚಂದ ಕಾಣತೈತಿ ಅಂತ."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಸೆರಗಿನ ತುದಿಯಿಂದ ಹಣೆ ಮುಟ್ಟಿ ನೋಡಿಕೊಂಡು, ಬಾಗಿಲ ಕಡೆ ಮುಖ ಮಾಡಿ ಕುಳಿತಳು.

ಅಪ್ಪ ಬಂದಾಗ ಅವನ ಎರಡೂ ಕೈ ಮೊಣಕೈವರೆಗೆ ಕೆಂಪು. ಅರ್ಧ ಬಣ್ಣ ದಾರಿಯಲ್ಲಿ ಧೋತರದ ಮೇಲೆ ಚೆಲ್ಲಿತ್ತು. ಚಿತ್ರವನ್ನು ಮೊಳೆಯಿಂದ ತೆಗೆದು ಮಣೆಯ ಮೇಲೆ ಹಾಸಿ, ಕುಂಚ ಅದ್ದಿದೆ. ಒಂದು ಕಡೆ ಕಂದೀಲು ಹಿಡಿದು ಅಪ್ಪ, ಇನ್ನೊಂದು ಕಡೆ ಆಯಿ. ಎರಡು ವರ್ಷ ಎಷ್ಟೋ ಮಂದಿ ನನ್ನ ಬೆನ್ನ ಹಿಂದೆ ನಿಂತು ನೋಡಿದ್ದಾರೆ, ಕುಂಚ ಎಂದೂ ತಡೆದಿರಲಿಲ್ಲ. ಅಂದು ಹಣೆಯ ತನಕ ಒಯ್ದು ಎರಡು ಸಲ ಹಿಂದಕ್ಕೆ ತೆಗೆದೆ. "ಸಾವಕಾಶ" ಎಂದ ಅಪ್ಪ. ಚಿತ್ರದ ವಿಷಯದಲ್ಲಿ ಅಪ್ಪ ನನಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಬೊಟ್ಟು ಇಟ್ಟೆ. ಮಳೆಗೆ ತೇವ ಹೀರಿದ್ದ ಕಾಗದ, ಮಗ್ಗದ ನೂಲಿಗೆಂದು ಕುದಿಸಿದ ಬಣ್ಣ. ನಾವು ನೋಡುತ್ತಿದ್ದಂತೆ ನಾಕಾಣೆಯ ಬೊಟ್ಟು ಎಂಟಾಣೆಯಾಯಿತು, ಎಂಟಾಣೆ ರೂಪಾಯಿಯಾಯಿತು, ಹುಬ್ಬಿನ ಮೇಲೆ ಬಂದು ನಿಂತಿತು. ನನ್ನ ಜನ್ಮದ ಒಳ್ಳೆಯ ಚಿತ್ರ ನನ್ನ ಕಣ್ಣೆದುರಿಗೇ ಹಾಳಾಯಿತು. ಕಣ್ಣಲ್ಲಿ ನೀರು ಬಂತು.

ಆಯಿ ಬಗ್ಗಿ ನೋಡಿ ಉಸಿರು ಬಿಟ್ಟಳು. "ಈಗ ಛಲೋ ಆತು."

ಮೂರೂ ಜನ ಆ ಕೆಂಪನ್ನೇ ನೋಡುತ್ತ ಕುಳಿತೆವು, ಆರಿಹೋದರೆ ಏನು ಗತಿ ಅನ್ನುವ ಹಾಗೆ. ವೈನಿ ಮಾತ್ರ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹೊರಗೆ ಕೆಸರಿನಲ್ಲಿ ಚಪ್ಪಲಿಯ ಸದ್ದು, ಗುರುಬಸು ಕಾಕಾನ ದನಿ. ಅವನ ಹಿಂದೆ ಅಣ್ಣ, ಹೆಗಲ ಮೇಲೆ ಬಿಚ್ಚದ ಸೀರೆಯ ಗಂಟು. ಕಾಕಾನ ಕಂಬಳಿಯ ಕೆಳಗೆ ಗಂಟು ಒಣಗಿಯೇ ಇತ್ತು.

"ಹೊಳಿಗೆ ಎಲ್ಲಿ ಹೋದ್ನಿ? ಜಮಖಂಡ್ಯಾಗ ಮಳಿ ನೋಡಿ ಗೆಳೆಯಾನ ಮನ್ಯಾಗ ಇಳದ್ನಿ. ಹೋಳಿಗಿ ಮಾಡಿದ್ರು. ಉಂಡು ಮಲಗಿದ್ನಿ, ಹೊತ್ತು ಹೋದದ್ದ ತಿಳೀಲಿಲ್ಲ. ಯಾಕ ಎಲ್ಲಾರೂ ಹಿಂಗ ಕುಂತೀರಿ? ಅಪ್ಪ, ಕೈಗೆ ಏನಾತು?"

ವೈನಿ ಒಳಗೆ ಹೋದಳು. ಒಲೆಯ ಮುಂದೆ ಅವಳು ಅತ್ತದ್ದು ನಮಗೆಲ್ಲ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಅಪ್ಪ ಹಿತ್ತಲಿಗೆ ಹೋಗಿ ಕೈ ತಿಕ್ಕತೊಡಗಿದ. ಅಣ್ಣ ಮಣೆಯ ಮೇಲಿನ ಚಿತ್ರ ಎತ್ತಿಕೊಂಡು, ಕಂದೀಲಿಗೆ ಹಿಡಿದು, ಹಲ್ಲು ಕಿಸಿದ.

"ನಮ್ಮಾಕಿ ಹೌದಲ್ಲ? ಮುಖ ಯಾರದೋ ಐತಿ. ಕುಂಕುಮ ನೋಡಿ ಗುರ್ತ ಹತ್ತಿತು."

ಬಾಗಿದ ಕುತ್ತಿಗೆ, ಎಳೆ ಹಿಡಿದ ಬೆರಳು ಯಾವುದೂ ಅವನಿಗೆ ಕಂಡಿರಲಿಲ್ಲ. ಹೆಂಡತಿಯನ್ನು ನನಗಿಂತ ಹೆಚ್ಚು ನೋಡಿದವನು ಅವನು, ಜಗಳಾಡಿ ಪ್ರಯೋಜನವಿರಲಿಲ್ಲ. ಊಟವಾದ ಮೇಲೆ ವೈನಿ ಚಿತ್ರವನ್ನು ತಂದು ನನ್ನ ಕಟ್ಟಿನಲ್ಲಿ ಇಟ್ಟಳು. "ಇದನ್ನ ಎಲ್ಲಿಗರ ಕಳಸು. ಆದ್ರ ಆ ಮೊಳಿಗೆ ಮಾತ್ರ ಹಾಕಬ್ಯಾಡ."

ಸೋಮವಾರ ಮುಂಜಾನೆ ನಾನು ಜಮಖಂಡಿಯ ನೌಕರಿಗೆ ಹೋಗಲು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದೆ. ಅಪ್ಪ ಚಹಾ ಕುಡಿಯುತ್ತಿದ್ದ. ಬಶಿ ಹಿಡಿದ ಬೆರಳುಗಳು ಇನ್ನೂ ಕೆಂಪಾಗಿದ್ದವು, ನಮ್ಮೂರ ಬಣ್ಣ ಸುಲಭಕ್ಕೆ ಬಿಡುವುದಲ್ಲ.

"ನಿನ್ನ ಕಟ್ಟಿಗೆ ಮನೀ ಮಂದೀದೆಲ್ಲಾ ಚಿತ್ರಾ ಬೇಕಂದಿದ್ದಿ, ಹೌದಿಲ್ಲೋ?"

"ಹೌದು. ನಿನ್ನದು, ಅಣ್ಣನದು, ಆಯಿದು ಉಳದಾವು."

ಅಪ್ಪ ಬಶಿ ಕೆಳಗಿಟ್ಟ. ಆಯಿಯ ಮುಖ ನೋಡಿದ. ಆಯಿ ಜಪಮಾಲೆ ನಿಲ್ಲಿಸಿ ಅಪ್ಪನ ಮುಖ ನೋಡಿದಳು.

"ಉಳೀಲಿ ಬಿಡು. ನಮ್ಮ ಚಿತ್ರದಾಗ ಇನ್ನೇನು ಬಿಡತೀಯೋ ಯಾರಿಗ್ಗೊತ್ತು. ಇರೂವಷ್ಟ ಕಳಸು. ಮಾಸ್ತರಕಿ ಏನೂ ಬ್ಯಾಡ. ನಿನ್ನ ಹಡಗಾ ಯಾವಾಗ ಬಿಡತೈತಿ, ಅದನ್ನ ಹೇಳು."

ಟಪಾಲು ಕಚೇರಿಯ ಕಟ್ಟೆಯ ಮೇಲೆ ಕುಳಿತು, ಕರಾರು ಏನೇ ಇರಲಿ ಎಂದು ವೈನಿಯ ಚಿತ್ರವನ್ನೂ ಕಟ್ಟಿನಲ್ಲೇ ಉಳಿಸಿಕೊಂಡು, ಆ ಮೂರು ಪ್ರಶ್ನೆಗಳ ಕಾಗದ ತೆಗೆದೆ. ಮೊದಲನೆಯದಕ್ಕೆ ಬರೆದಿದ್ದ ಉದ್ದನ್ನ ಉತ್ತರ ಹೊಡೆದುಹಾಕಿ, ಯಾವುದನ್ನು ಬಿಡಬಾರದೆಂದು ಕಲಿಯಲು ಈಗಷ್ಟೇ ಶುರು ಮಾಡಿದ್ದೇನೆ ಎಂದು ಬರೆದೆ. ಎರಡನೆಯದನ್ನು ಮುಟ್ಟಲಿಲ್ಲ. ಈ ಉದ್ಯೋಗಕ್ಕೆ ಮನೆಯವರ ಒಪ್ಪಿಗೆ ಇದೆಯೇ ಎಂಬ ಮೂರನೆಯದರ ಮುಂದೆ, ಒಂದು ಅಕ್ಷರವೂ ಸುಳ್ಳಿಲ್ಲದಂತೆ, ನಾನು ಆದಷ್ಟು ಬೇಗ ಹೊರಡಬೇಕೆಂದು ಮನೆಯವರೆಲ್ಲರೂ ಒತ್ತಾಯಿಸುತ್ತಿದ್ದಾರೆ ಎಂದು ಬರೆದು ಸಹಿ ಹಾಕಿದೆ.